ಅಕ್ಕನಿಗೆ ಉಳಿದ ಒಂದು ಮಾತು

ಆಸ್ಪತ್ರೆಯಿಂದ ಮನೆಗೆ ಬರುವಾಗ ಅಕ್ಕನ ಹತ್ತಿರ ಉಳಿದಿದ್ದದ್ದು ಒಂದೇ ಮಾತು: "ಬೇಡ."

ಉಳಿದ ಮಾತುಗಳೆಲ್ಲ ಎಲ್ಲಿ ಹೋದವೋ. ಅರವತ್ತೊಂಬತ್ತು ವರ್ಷ ಬಾಯಿ ತುಂಬ ಮಾತಾಡಿದ ಹೆಂಗಸು. ಒಂದು ಮಂಗಳವಾರ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಕೈಯಿಂದ ಬಾಚಣಿಗೆ ಬಿತ್ತು, ಅದನ್ನು ಎತ್ತಿಕೊಡೆಂದು ತಂಗಿಯನ್ನು ಕರೆಯಹೋದವಳ ಬಾಯಿಂದ ಮಾತೂ ಬಿತ್ತು. ಬಲಗೈ, ಬಲಗಾಲು ತನ್ನದಲ್ಲವೆಂಬಂತೆ ಸುಮ್ಮನಾದವು. ಹದಿನೆಂಟು ದಿನ ಆಸ್ಪತ್ರೆ. ಆಮೇಲೆ ಎರಡು ಕೋಣೆಯ ಈ ಮನೆ, ಕಿಟಕಿಯ ಪಕ್ಕದ ಮಂಚ, ಮತ್ತು ಆ ಒಂದು ಮಾತು.

"ಅಕ್ಕಾ, ಹಾಲು ಕುಡೀತೀಯಾ?" ಎಂದರೆ "ಬೇಡ" ಎಂದು ಹೇಳಿ ಬಾಯಿ ತೆರೆಯುತ್ತಿದ್ದಳು. "ಕಿಟಕಿ ತೆಗೀಲಾ?" ಎಂದರೆ "ಬೇಡ" ಎನ್ನುತ್ತಾ ಎಡಗೈಯಿಂದ ತಾನೇ ಕಿಟಕಿಯ ಚಿಲಕಕ್ಕೆ ಕೈ ಚಾಚುತ್ತಿದ್ದಳು. ತಿಳಿಯದವರು ಬಂದರೆ ಪೇಚಾಟ. ಮೇಲಿನ ಮಹಡಿಯ ಟೈಲರಮ್ಮ ತನ್ನ ಕೈಯಾರೆ ಹೊಲಿದ ಒಂದು ಹತ್ತಿಯ ಅಂಗಿ ತಂದಳು. ಮುಂದೆ ಪೂರ್ತಿ ತೆರೆಯುವಂಥದ್ದು, ಗುಂಡಿಯ ಬದಲು ಲಾಡಿ. ಸ್ವಾಧೀನವಿಲ್ಲದ ಕೈಯನ್ನು ಎಳೆದಾಡದೆ ತೊಡಿಸಬಹುದು. ಇಷ್ಟೆಲ್ಲ ಯೋಚಿಸಿ ಹೊಲಿದು ತಂದವಳಿಗೆ ಅಕ್ಕ ಮುಖಕ್ಕೆ ಹೊಡೆದಂತೆ "ಬೇಡ!" ಎಂದುಬಿಟ್ಟಳು. ಟೈಲರಮ್ಮನ ಮುಖ ಬಾಡಿತು. ಆದರೆ ಅಂಗಿಯನ್ನು ವಾಪಸ್ಸು ತೆಗೆದುಕೊಳ್ಳಹೋದರೆ ಅಕ್ಕ ಅದರ ತೋಳನ್ನು ಬಿಗಿಯಾಗಿ ಹಿಡಿದಿದ್ದಾಳೆ!

"ಬೇಡ ಅಂತಾರೆ, ಬಿಡ್ತಾನೂ ಇಲ್ವಲ್ಲಾ!"

"ಅವಳ ಭಾಷೇಲಿ ಅದು ಥ್ಯಾಂಕ್ಸ್ ಕಣ್ರೀ" ಎಂದಳು ತಂಗಿ. ಮೂವರೂ ನಕ್ಕರು. ಅಕ್ಕನಿಗೆ ನಗು ಮಾತ್ರ ಹಳೆಯದೇ ಉಳಿದಿತ್ತು.

ತಂಗಿಗೆ ಅರವತ್ತನಾಲ್ಕು. ಬೀದಿಯ ಮಕ್ಕಳ ಬಾಯಲ್ಲಿ ಅವಳು ಗೋಂದಮ್ಮ. ಪುಸ್ತಕ ಕಟ್ಟುವ ಬೈಂಡಿಂಗ್ ಕಾರ್ಖಾನೆಯಲ್ಲಿ ಮೂವತ್ತೇಳು ವರ್ಷ ದುಡಿದು ನಿವೃತ್ತಳಾದರೂ ಬೆರಳಿನ ಗೋಂದಿನ ವಾಸನೆ ನಿವೃತ್ತವಾಗಿರಲಿಲ್ಲ. ಹರಿದ ಪಠ್ಯಪುಸ್ತಕ ಹಿಡಿದು ಬಂದ ಮಕ್ಕಳಿಗೆ ಈಗಲೂ ಬೆನ್ನು ಅಂಟಿಸಿ ಕೊಡುತ್ತಿದ್ದಳು. ಅಕ್ಕ ಮಾತ್ರ ಇವಳನ್ನು ಪುಟ್ಟಿ ಎನ್ನುತ್ತಿದ್ದಳು. ಈಗ ಆ ಪುಟ್ಟಿಯೂ ಹೋಗಿತ್ತು. ಇಬ್ಬರೂ ಮದುವೆಯಾದವರಲ್ಲ. ಅದು ಬೇರೆಯೇ ಕಥೆ, ಅದರಲ್ಲಿ ಅಳುವಂಥದ್ದೇನೂ ಇಲ್ಲ.

ವಾರಕ್ಕೆ ಎರಡು ಸಲ ಮಾತು ಕಲಿಸುವ ಟೀಚರ್ ಬರುತ್ತಿದ್ದಳು. ಇಪ್ಪತ್ತಾರರ ಹುಡುಗಿ, ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ ಮೊದಲು ಅಕ್ಕನಿಗೆ ನಮಸ್ಕಾರ ಹೇಳಿ, ಆಮೇಲೆ ಗೋಂದಮ್ಮನತ್ತ ತಿರುಗುತ್ತಿದ್ದಳು. ರೋಗಿಯ ತಲೆಯ ಮೇಲೆಯೇ ಮಾತಾಡುವವರನ್ನು ನೋಡಿ ಸಾಕಾಗಿದ್ದ ಗೋಂದಮ್ಮನಿಗೆ ಅದೊಂದೇ ಕಾರಣಕ್ಕೆ ಅವಳು ಇಷ್ಟವಾಗಿಬಿಟ್ಟಳು.

"ಕೆಲವರಿಗೆ ಹೀಗೆ ಒಂದೇ ಪದ ಉಳ್ಕೊಳುತ್ತೆ ಆಂಟಿ. ನಾನು ನೋಡ್ತಿದ್ದ ಒಬ್ರು ತಾತನಿಗೆ 'ಸೋಮವಾರ' ಅಂತ ಉಳಿದಿತ್ತು. ಹಸಿವಾದ್ರೂ ಸೋಮವಾರ, ಹೆಂಡ್ತಿನ ಕರೆಯೋಕೂ ಸೋಮವಾರ."

"ಪಾಪ, ಆಯಮ್ಮ ಬರ್ತಿದ್ರಾ?"

"ಓಡಿ ಬರ್ತಿದ್ರು. ಪದಕ್ಕೆ ಅರ್ಥ ಹುಡುಕ್ಬೇಡಿ ಆಂಟಿ, ರಾಗ ಕೇಳಿ. ಅವರು ಹೇಳ್ಬೇಕು ಅನ್ಕೊಂಡಿದ್ದು ರಾಗದಲ್ಲಿರುತ್ತೆ."

ಗೋಂದಮ್ಮ ರಾಗ ಕೇಳಿದಳು. ಏಳು ಸಿಕ್ಕವು. ಹಸಿವಿನ ಬೇಡ, ನೋವಿನ ಬೇಡ, ಬಚ್ಚಲಿಗೆ ಕರೆದುಕೊಂಡು ಹೋಗೆನ್ನುವ ಅವಸರದ ಬೇಡ, ಬೆಳಗಿನ ಬಿಸಿಲು ಹಾಸಿಗೆಗೆ ಬಂದಾಗಿನ ಉದ್ದನೆಯ ಬೇಡ, ಹೀಗೆ. ಎರಡು ವಾರದಲ್ಲಿ ಮನೆ ನಡೆಯುವಷ್ಟು ಭಾಷೆ ಇಬ್ಬರ ನಡುವೆ ತಯಾರಾಯಿತು.

ಅಷ್ಟರಲ್ಲಿ ಡಾಕ್ಟರು ಒಂದು ಮಾತು ಹೇಳಿದರು. ತಪಾಸಣೆ ಮುಗಿಸಿ ಅಕ್ಕನ ಹೊದಿಕೆಯನ್ನು ತಾವೇ ಸರಿಮಾಡಿ, ಬಾಗಿಲ ಹೊರಗೆ ಬಂದ ಮೇಲೆ.

"ಇನ್ನೊಂದು ಸಲ ಆಗೋ ಹಾಗಿದೆ ಅಮ್ಮಾ. ಯಾವಾಗ ಅಂತ ಹೇಳೋಕಾಗಲ್ಲ. ಆದ್ರೆ ಇಷ್ಟೂ ಉಳಿಯಲ್ಲ. ಹೇಳೋದು ಕೇಳೋದು ಏನಾದ್ರೂ ಇದ್ರೆ ಈಗ್ಲೇ ಮುಗಿಸ್ಕೊಳ್ಳಿ."

ಎಲ್ಲ ಮನೆಯವರಿಗೂ ಹೇಳುವ ಮಾತನ್ನೇ ಅವರು ಹೇಳಿದ್ದು. ಆದರೆ ಗೋಂದಮ್ಮ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಅವಳಿಗೆ ಹೇಳುವುದು ಇತ್ತು. ನಲವತ್ತೊಂದು ವರ್ಷದಿಂದ ಇತ್ತು.

*

ಆಗ ಅವಳಿಗೆ ಇಪ್ಪತ್ತಮೂರು, ಅಕ್ಕನಿಗೆ ಇಪ್ಪತ್ತೆಂಟು. ಇಬ್ಬರೂ ಒಂದೇ ಕಾರ್ಖಾನೆ. ಅಕ್ಕ ಸೇರಿ ಒಂಬತ್ತು ವರ್ಷವಾಗಿತ್ತು. ಅವಳ ಕೈಗೆ ಯಂತ್ರದ ವೇಗ, ಕಣ್ಣಿಗೆ ಹದ್ದಿನ ಚುರುಕು. ಇನ್ನೆರಡು ತಿಂಗಳಲ್ಲಿ ಮೇಜಿನ ಮೇಸ್ತ್ರಿಯಾಗುವವಳೆಂದು ಎಲ್ಲರೂ ಹೇಳುತ್ತಿದ್ದರು. ತಂಗಿ ಸೇರಿ ಐದು ವಾರವಾಗಿತ್ತಷ್ಟೆ.

ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಫರ್ಮಾ ಆಗುತ್ತದೆ. ಉದ್ದನೆಯ ಮೇಜಿನ ಮೇಲೆ ಒಂದನೇ ಫರ್ಮಾದ ರಾಶಿ, ಎರಡನೆಯದರ ರಾಶಿ, ಹೀಗೆ ಸಾಲಾಗಿ ಇಟ್ಟುಕೊಂಡು, ಮೇಜಿನ ಉದ್ದಕ್ಕೂ ನಡೆಯುತ್ತಾ ಒಂದೊಂದನ್ನೇ ಎತ್ತಿಕೊಂಡರೆ ತುದಿ ಮುಟ್ಟುವಾಗ ಕೈಯಲ್ಲಿ ಒಂದು ಪುಸ್ತಕ. ಇಪ್ಪತ್ತೈದು ಪುಸ್ತಕಕ್ಕೆ ಒಂದು ಕಟ್ಟು. ಕಟ್ಟಿಗೆ ದಾರ ಬಿಗಿದು, ದಾರದ ಕೆಳಗೆ ತನ್ನ ನಂಬರಿನ ಚೀಟಿ ಸಿಕ್ಕಿಸಬೇಕು. ಅಕ್ಕನದು ಒಂಬತ್ತು. ತಂಗಿಯದು ಹದಿನಾಲ್ಕು.

ಅವತ್ತು ಕಟ್ಟುತ್ತಿದ್ದದ್ದು ಇವರದೇ ಚರ್ಚಿನ ಸಭೆಯ ಹಾಡಿನ ಪುಸ್ತಕ. ತಂಗಿ ತನ್ನ ಮೇಜಿನಲ್ಲಿ ಏಳನೇ ಫರ್ಮಾದ ಜಾಗಕ್ಕೆ ಎಂಟನೆಯದನ್ನೂ, ಎಂಟರ ಜಾಗಕ್ಕೆ ಏಳನ್ನೂ ಇಟ್ಟಿದ್ದಳು. ತೊಂಬತ್ತಾರನೇ ಪುಟವಾದ ಮೇಲೆ ನೂರ ಹದಿಮೂರು. ಊಟದ ಗಂಟೆ ಹೊಡೆದು ಎಲ್ಲರೂ ಹೊರಗೆ ಹೋದಾಗ ಅವಳಿಗೆ ಅದು ಕಂಡಿತು. ಹನ್ನೆರಡು ಕಟ್ಟು. ಮುನ್ನೂರು ಪುಸ್ತಕ. ಐದು ವಾರದ ಕೆಲಸಗಾರ್ತಿಯನ್ನು ಅವತ್ತೇ ಮನೆಗೆ ಕಳಿಸುತ್ತಾರೆ. ಅಕ್ಕನಾದರೆ ಯಜಮಾನರು ನಾಲ್ಕು ಮಾತು ಬೈದು ಬಿಟ್ಟುಬಿಡುತ್ತಾರೆ. ಹೀಗೆಂದು ಅವಳು ಯೋಚಿಸಿದಳೋ, ಆಮೇಲೆ ಹೀಗೆ ಯೋಚಿಸಿದ್ದೆನೆಂದು ನಂಬಿಕೊಂಡಳೋ, ಈಗ ಅವಳಿಗೇ ಗೊತ್ತಿಲ್ಲ. ಕೈ ಮಾತ್ರ ಕೆಲಸ ಮಾಡಿತ್ತು. ತನ್ನ ಹನ್ನೆರಡು ಚೀಟಿ ಅಕ್ಕನ ಕಟ್ಟುಗಳಿಗೆ, ಅಕ್ಕನ ಹನ್ನೆರಡು ಚೀಟಿ ತನ್ನ ಕಟ್ಟುಗಳಿಗೆ.

ಯಜಮಾನರು ಮೂರು ಗಂಟೆಗೆ ಬಂದು ಪುಟ ತಿರುವಿ ತಪ್ಪು ಕಂಡುಹಿಡಿದರು. ಒಂಬತ್ತನೇ ನಂಬರು ಯಾರೆಂದು ಎಲ್ಲರಿಗೂ ಗೊತ್ತಿದ್ದರೂ ಕೇಳಿದರು. ಅಕ್ಕ ಮೇಜಿನ ಹತ್ತಿರ ಬಂದಳು. ಕಟ್ಟುಗಳನ್ನು ನೋಡಿದಳು, ತಂಗಿಯನ್ನು ನೋಡಿದಳು. "ನಂದೇ" ಎಂದಳು. ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂಬತ್ತು ವರ್ಷ ದುಡಿದವಳೇ ಹೀಗೆ ಮಾಡಿದರೆ ಉಳಿದವರಿಗೆ ಏನು ಹೇಳಲಿ ಎಂದು, ಮರುದಿನದಿಂದ ಬರಬೇಡ ಎಂದರು. ಆಮೇಲೆ, ಇದನ್ನು ನೆನೆದರೆ ಗೋಂದಮ್ಮನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ, ಇನ್ನೊಂದು ಕಟ್ಟನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. "ಹದಿನಾಲ್ಕನೇ ನಂಬರು ನೋಡಿ ಕಲೀರಿ. ನಿನ್ನೆ ಮೊನ್ನೆ ಬಂದ ಹುಡುಗಿ. ಎಷ್ಟು ಚೊಕ್ಕ!"

ಅಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗ ಸೇರಿ ಮೂವತ್ತು ವರ್ಷ ನಿಂತುಕೊಂಡೇ ಇಸ್ತ್ರಿ ಮಾಡಿದಳು. ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದವು. ತಂಗಿ ಕೆಲವು ವರ್ಷಗಳಲ್ಲಿ ಮೇಸ್ತ್ರಿಯಾದಳು. ಅಂದಿನ ಪಾದ್ರಿಗಳು ದೊಡ್ಡ ಮನಸ್ಸಿನವರು. "ಹಾಳೆ ತಿರುಗಿಸೋಕೆ ದೇವರು ಕೈ ಕೊಟ್ಟಿದ್ದಾನೆ" ಎಂದು ಆ ಮುನ್ನೂರು ಪುಸ್ತಕಗಳನ್ನೂ ಸಭೆಗೇ ಇಟ್ಟುಕೊಂಡರು. ಹಾಗಾಗಿ ಭಾನುವಾರ ಭಾನುವಾರ, ಆ ಪುಟಗಳ ಹಾಡು ಬಂದಾಗಲೆಲ್ಲ, ಸಭೆಯ ಅರ್ಧ ಜನ ಸರಸರನೆ ಮುಂದೆ ಹೋಗಿ ಹಿಂದೆ ಬರುವ ಸದ್ದನ್ನು ಗೋಂದಮ್ಮ ಕೇಳಿಸಿಕೊಂಡಳು. ಪಕ್ಕದಲ್ಲಿ ನಿಂತ ಅಕ್ಕನೂ ತಿರುಗಿಸುತ್ತಿದ್ದಳು. ಒಮ್ಮೆಯೂ ಇವಳ ಕಡೆ ನೋಡಿದವಳಲ್ಲ. ಗೊತ್ತಿದ್ದು ನೋಡಲಿಲ್ಲವೋ, ಗೊತ್ತಿಲ್ಲದೆ ನೋಡಲಿಲ್ಲವೋ?

*

ಹೇಳಿದ್ದು ಒಂದು ಗುರುವಾರ ಮಧ್ಯಾಹ್ನ. ಅಕ್ಕನ ಉಗುರು ಕತ್ತರಿಸುವ ನೆಪ ಮಾಡಿಕೊಂಡು, ಜೀವವಿಲ್ಲದ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಕನ್ನಡಿಯ ಮುಂದೆ ಅಭ್ಯಾಸ ಮಾಡಿಕೊಂಡ ದೊಡ್ಡ ಪೀಠಿಕೆ ಇತ್ತು. ಒಂದೂ ನೆನಪಾಗಲಿಲ್ಲ.

"ಅಕ್ಕಾ, ಆ ಹನ್ನೆರಡು ಕಟ್ಟು ನಂದು."

ಅಕ್ಕ ಅವಳನ್ನು ನೋಡಿದಳು.

"ಹಾಡಿನ ಪುಸ್ತಕದ್ದು. ಚೀಟಿ ಬದಲಾಯಿಸಿದ್ದು ನಾನು. ನಿನ್ನ ಕೆಲಸ ಹೋಗಿದ್ದು ನನ್ನಿಂದ. ನನ್ನನ್ನ... ಕ್ಷಮಿಸ್ತೀಯಾ ಅಕ್ಕಾ?"

ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಅಕ್ಕನ ತುಟಿ ಒಂದೆರಡು ಸಲ ಅಲುಗಿತು. ಎಂಥದೋ ಭಾರವನ್ನು ಎತ್ತುವವಳ ಹಾಗೆ ಹಣೆ ಸುಕ್ಕಾಯಿತು.

"ಬೇಡ."

ಆ ಏಳು ರಾಗದಲ್ಲಿ ಅದು ಯಾವುದೂ ಆಗಿರಲಿಲ್ಲ. ಮೇಲೆ ಹೋಗಲಿಲ್ಲ, ಕೆಳಗೆ ಇಳಿಯಲಿಲ್ಲ. ಹಾಳೆಯನ್ನು ಮೇಜಿನ ಮೇಲೆ ಇಟ್ಟಂತೆ ಇಟ್ಟುಬಿಟ್ಟಳು.

"ಯಾವ ಬೇಡ ಅಕ್ಕಾ? ಕ್ಷಮಿಸೋದು ಬೇಡ ಅಂತಾನಾ? ಈಗ ಆ ಮಾತು ಬೇಡ ಅಂತಾನಾ? ಅಥವಾ ನೀನು ಕೇಳೋದೇ ಬೇಡ ಪುಟ್ಟಿ, ಅಂತಾನಾ?"

"ಬೇಡ" ಎಂದಳು ಅಕ್ಕ.

ನಮ್ಮ ಮಾತಿನಲ್ಲಿ ಈ ಮೂರಕ್ಕೂ ಒಂದೇ ಪದವಿರುವುದು ಗೋಂದಮ್ಮನಿಗೆ ಅಂದಿನವರೆಗೆ ಹೊಳೆದಿರಲಿಲ್ಲ. ಉಳಿದ ಉಗುರುಗಳನ್ನು ಕತ್ತರಿಸಿದಳು. ಎರಡು ಸಲ ಒಂದೇ ಬೆರಳಿಗೆ ಬಂದಳು.

*

ಶನಿವಾರ ಪಾದ್ರಿಗಳು ಬಂದರು. ಇವರು ಈಗಿನವರು, ಚಿಕ್ಕ ವಯಸ್ಸು, ವರ್ಷವಿಡೀ ನೆಗಡಿ. ಅಕ್ಕನಿಗೆ ತಗುಲೀತೆಂದು ಬಾಗಿಲ ಹತ್ತಿರವೇ ಕೂತು ಅಲ್ಲಿಂದಲೇ ಕೈಯೆತ್ತಿ ಪ್ರಾರ್ಥನೆ ಮಾಡಿದರು. ಅಕ್ಕ ನಿದ್ದೆಹೋದ ಮೇಲೆ ಗೋಂದಮ್ಮ ಅವರನ್ನು ಅಡುಗೆಮನೆಗೆ ಕರೆದು, ಟೀ ಕಾಯಿಸುತ್ತಾ, ಒಲೆಯ ಕಡೆ ಮುಖ ಮಾಡಿಕೊಂಡೇ ಎಲ್ಲವನ್ನೂ ಹೇಳಿದಳು. ಮುಖ ನೋಡಿ ಹೇಳುವ ಧೈರ್ಯ ಒಂದು ಸಲಕ್ಕೇ ಖರ್ಚಾಗಿತ್ತು.

ಪಾದ್ರಿಗಳು ಮೂಗೊರೆಸಿಕೊಂಡರು. "ದೇವರು ನಿಮ್ಮನ್ನ ಕ್ಷಮಿಸಿದ್ದಾನೆ ಅಮ್ಮಾ. ಅದರಲ್ಲಿ ಅನುಮಾನ ಬೇಕಾಗಿಲ್ಲ."

"ಗೊತ್ತು ಅಯ್ಯನೋರೆ. ಆದ್ರೆ ನಾನು ದೇವರ ಕೆಲಸ ಕಳೀಲಿಲ್ವಲ್ಲ. ಅಕ್ಕನ ಕೆಲಸ ಕಳೆದದ್ದು."

ಅವರು ಕರವಸ್ತ್ರ ಮಡಿಸಿ ಜೇಬಿಗಿಟ್ಟರು. ಆಮೇಲೆ ಅವರ ಮುಖದಲ್ಲಿ, ಭಾನುವಾರದ ಪ್ರಸಂಗಕ್ಕೆ ಒಳ್ಳೆಯ ಉದಾಹರಣೆ ಸಿಕ್ಕಿದವರ ಬೆಳಕು ಬಂತು. "ನೋಡಿ, ನೀವು ಹೇಳಿದ್ದೇ ಸುವಾರ್ತೆ. ನಮ್ಮ ತಪ್ಪಿನ ಚೀಟಿ ಯೇಸುವಿನ ಮೇಲೆ ಬಿತ್ತು. ಅವನ ಒಳ್ಳೇತನದ ಚೀಟಿ ನಮ್ಮ ಮೇಲೆ. ನಾವು ಮಾಡದ ಕೆಲಸಕ್ಕೆ ತಂದೆಯಾದ ದೇವರು ನಮ್ಮನ್ನ ಎತ್ತಿ ತೋರಿಸಿ ಚೊಕ್ಕ ಅಂದ. ಯೇಸು 'ನಂದೇ' ಅಂದ."

"ಅವನು ಒಪ್ಕೊಂಡು ಮಾಡಿದ, ಅಯ್ಯನೋರೆ" ಎಂದಳು ಗೋಂದಮ್ಮ. "ಅಕ್ಕನ್ನ ನಾನು ಕೇಳಲೇ ಇಲ್ಲ."

ಟೀ ಉಕ್ಕಿತು. ಇಬ್ಬರೂ ಒಟ್ಟಿಗೇ ಕೈ ಹಾಕಿ ಇಬ್ಬರೂ ಸುಟ್ಟುಕೊಂಡರು.

"ಇನ್ನೊಂದು ಹೇಳ್ಲಾ? ಇಷ್ಟು ವರ್ಷವೂ ದಿನಾ ಸಂಜೆ ನಾನೇ ಅವಳ ಕಾಲು ಒತ್ತೋದು. ಹುಷಾರಿಲ್ಲದಿದ್ರೂ ಒತ್ತಿದ್ದೀನಿ. ನಮ್ಮ ಸಭೆಯವರೆಲ್ಲ, ಆಹಾ ಎಂಥ ತಂಗಿ, ಪವಿತ್ರಾತ್ಮನ ಫಲ ಅಂದ್ರೆ ಇದು ಅಂತಾರೆ. ಅದು ಆತ್ಮನ ಫಲ ಅಲ್ಲ. ಹೆದರಿಕೆ ಫಲ. ಒಂದೊಂದು ಸಲ ಒತ್ತಿದಾಗಲೂ, ನನ್ನ ತಪ್ಪು ಇಷ್ಟು ಕಮ್ಮಿ ಆಯ್ತಾ, ಇಷ್ಟು ಕಮ್ಮಿ ಆಯ್ತಾ ಅಂತ."

"ಹೆದರಿಕೆಯಿಂದ ಒತ್ತಿದ್ರೂ ಕಾಲು ನೋವು ಕಮ್ಮಿ ಆಗಿರುತ್ತಲ್ಲಮ್ಮ" ಎಂದರು ಪಾದ್ರಿಗಳು, ಬೆರಳನ್ನು ನೀರಲ್ಲಿ ಅದ್ದಿಕೊಂಡು. ಆಮೇಲೆ ನಿಧಾನವಾಗಿ ಹೇಳಿದರು: "ಆತ್ಮನಿಂದ ಬದುಕೋದು ಅಂದ್ರೆ ಏನೂಂತ ನಂಗೂ ಪೂರ್ತಿ ಗೊತ್ತಿಲ್ಲ. ದಿನಾ ಹೇಳ್ತೀನಿ, ಆದ್ರೂ. ತಪ್ಪಿನಿಂದ ನಮ್ಮನ್ನ ನಾವೇ ಬಿಡಿಸ್ಕೊಳ್ಳೋ ಕೆಲಸ ನಿಲ್ಸೋದು ಅಂತ ಕಾಣುತ್ತೆ. ನಾವು ಪ್ರಾರ್ಥನೇಲಿ ಕೇಳೋಕೂ ಆಗದೆ ಕೂತಾಗ ನಮ್ಮೊಳಗೆ ಆ ಆತ್ಮನೇ ನಮ್ಮ ಪರವಾಗಿ ಕೇಳ್ತಾನೆ, ಮಾತಿಲ್ದೆ. ಅಕ್ಕನಿಗೆ ಮಾತಿಲ್ಲ, ನಿಮಗೆ ಉತ್ತರ ಇಲ್ಲ. ಅವನು ಇಬ್ಬರ ಹತ್ರಾನೂ ಇದ್ದಾನೆ. ಅಷ್ಟು ಬಿಟ್ಟು ನನ್ನ ಹತ್ರ ಏನೂ ಇಲ್ಲಮ್ಮ."

ಹೊರಡುವ ಮುಂಚೆ ಲೋಟಗಳನ್ನು ಅವರೇ ತೊಳೆದಿಟ್ಟರು. ಬೇಡ ಅಯ್ಯನೋರೆ ಎಂದು ಗೋಂದಮ್ಮ ಹೇಳಹೋಗಿ, ಆ ಪದವನ್ನು ಬಾಯಲ್ಲಿ ತಡೆದುಕೊಂಡಳು.

ಪಾದ್ರಿಗಳ ಮಾತು ಚೆನ್ನಾಗಿತ್ತು. ಆದರೆ ಗೋಂದಮ್ಮ ಕೈಕಟ್ಟಿ ಕೂರುವವಳಲ್ಲ. ಮುಂದಿನ ಸಲ ಮಾತಿನ ಟೀಚರ್ ಬಂದಾಗ, ಹೌದು ಅಲ್ಲ ಎಂದು ಹೇಳಿಸುವುದಕ್ಕೆ ಏನಾದರೂ ದಾರಿ ಇದೆಯಾ ಎಂದು ಕೇಳಿದಳು. ಟೀಚರ್ ಚೀಲದಿಂದ ಎರಡು ರಟ್ಟಿನ ಕಾರ್ಡು ತೆಗೆದಳು. ಒಂದರ ಮೇಲೆ ಹಸಿರು ಸರಿ ಗುರುತು, ಇನ್ನೊಂದರ ಮೇಲೆ ಕೆಂಪು ತಪ್ಪು ಗುರುತು.

"ಇದು ಕಿಟಕೀನಾ ದೊಡ್ಡಮ್ಮ? ನಾನು ಗಂಡಸಾ? ಈಗ ಬೆಳಿಗ್ಗೇನಾ?"

ಹತ್ತು ಪ್ರಶ್ನೆಗೆ ಆರು ಸರಿಯಾಯಿತು. ನಾನು ಗಂಡಸಾ ಎಂದದ್ದಕ್ಕೆ ಅಕ್ಕ ಹಸಿರು ಕಾರ್ಡು ಮುಟ್ಟಿ ಜೋರಾಗಿ ನಕ್ಕಳು. ಅದು ತಪ್ಪೋ ತಮಾಷೆಯೋ ಯಾರಿಗೂ ತಿಳಿಯಲಿಲ್ಲ.

"ಆರು ಅಂದ್ರೆ ಕಣ್ಮುಚ್ಚಿ ಮುಟ್ಟಿದ್ರೂ ಬರೋವಷ್ಟೇ ಆಂಟಿ. ಅಭ್ಯಾಸಕ್ಕೆ ಇಟ್ಕೊಳ್ಳಿ. ಇದನ್ನ ನಂಬಿ ದೊಡ್ಡ ವಿಷಯ ಏನೂ ಕೇಳ್ಬೇಡಿ" ಎಂದಳು ಟೀಚರ್. ಗೋಂದಮ್ಮನ ಮುಖ ನೋಡಿ ಏನೋ ಅನುಮಾನ ಬಂದಿರಬೇಕು. ಆದರೂ ಏನು ವಿಷಯ ಎಂದು ಕೇಳಲಿಲ್ಲ.

ಅವಳು ಬಾಗಿಲು ದಾಟಿದ್ದೇ ತಡ, ಗೋಂದಮ್ಮ ಎರಡೂ ಕಾರ್ಡನ್ನು ಅಕ್ಕನ ಮುಂದೆ ಹಿಡಿದಳು.

"ನನ್ನ ಮೇಲೆ ಕೋಪ ಇಲ್ಲ ತಾನೇ ಅಕ್ಕಾ? ನನ್ನನ್ನ ಕ್ಷಮಿಸಿದ್ದೀಯಾ?"

ಅಕ್ಕ ಕಾರ್ಡುಗಳನ್ನು ನೋಡಿದಳು. ಎಡಗೈ ಮೇಲೆದ್ದಿತು. ಹಸಿರಿನ ಕಡೆಗೇ ಬಂತು. ಎರಡು ಬೆರಳಲ್ಲಿ ಅದನ್ನು ಹಿಡಿದು, ಎಳೆದುಕೊಂಡು, ಪಕ್ಕದ ಸ್ಟೂಲಿನ ಮೇಲಿದ್ದ ಹಾಲಿನ ಲೋಟಕ್ಕೆ ಮುಚ್ಚಿದಳು. ಹಾಲಿನ ಮೇಲೆ ನೊಣ ಸುಳಿಯುತ್ತಿತ್ತು.

ಗೋಂದಮ್ಮ ಕಾರ್ಡನ್ನು ಎತ್ತಿಕೊಂಡು ಮತ್ತೆ ಹಿಡಿದಳು. ಮತ್ತೆ ಕೇಳಿದಳು. ಅಕ್ಕ ಮತ್ತೆ ಲೋಟ ಮುಚ್ಚಿದಳು. ಮೂರನೆಯ ಸಲ ಲೋಟವನ್ನೇ ತೆಗೆದು ದೂರ ಇಟ್ಟು ಕೇಳಿದಳು. ನಾಲ್ಕನೆಯ ಸಲ ದನಿ ಏರಿತು. "ಒಂದೇ ಒಂದು ಸಲ ಮುಟ್ಟು ಅಕ್ಕಾ. ಯಾವುದಾದ್ರೂ ಸರಿ. ಕೆಂಪಾದ್ರೂ ಮುಟ್ಟು!"

ಅಕ್ಕನ ಕಣ್ಣು ತುಂಬಿತು. ಎಡಗೈ ಎದೆಯ ಹತ್ತಿರ ಸೇರಿಕೊಂಡಿತು. "ಬೇಡ ಬೇಡ ಬೇಡ" ಎಂದಳು. ಇದಕ್ಕೆ ಮಾತ್ರ ವಿವರಣೆ ಬೇಕಿರಲಿಲ್ಲ. ಯಾವ ಊರಿನ ಯಾವ ಮಗುವಿಗಾದರೂ ಅರ್ಥವಾಗುವ ಬೇಡ ಅದು.

ಗೋಂದಮ್ಮ ಕಾರ್ಡುಗಳನ್ನು ಕೆಳಗಿಟ್ಟಳು. ಅರ್ಧ ದೇಹ ಸತ್ತ ಅಕ್ಕನ ಹತ್ತಿರವೂ ತನಗೆ ಬೇಕಾದದ್ದನ್ನು ಕಿತ್ತುಕೊಳ್ಳಲು ಹೊರಟಿದ್ದೇನಲ್ಲ, ಎರಡನೆಯ ಸಲ, ಎಂದು ಅವಳಿಗೆ ಹೊಳೆಯಿತು. ಅಂದಿನಿಂದ ಅವಳು ಆ ವಿಷಯ ಎತ್ತಲಿಲ್ಲ. ಪ್ರಾರ್ಥನೆಗೆ ಕೂತರೆ ಏನು ಕೇಳಬೇಕೆಂದೇ ತಿಳಿಯುತ್ತಿರಲಿಲ್ಲ. ಸುಮ್ಮನೆ ಕೂತು ಎದ್ದುಬರುತ್ತಿದ್ದಳು.

*

ಪಾರ್ಶ್ವವಾಯುವಿನ ಎರಡನೆಯ ಹೊಡೆತ ಬಂದದ್ದು ಹದಿನೈದು ದಿನಕ್ಕೆ, ಬೆಳಗಿನ ಹೊತ್ತು, ಯಾವ ಸದ್ದೂ ಇಲ್ಲದೆ. ಮುಖ ಒರೆಸಲು ಬಿಸಿನೀರು ತಂದರೆ ಅಕ್ಕ ಕಣ್ಣು ಬಿಟ್ಟುಕೊಂಡೇ ಇದ್ದಳು. ಎಡಗೈ ಕೂಡ ನಿಂತುಹೋಗಿತ್ತು. "ಅಕ್ಕಾ?" ಎಂದಳು ಗೋಂದಮ್ಮ. ಬೇಡ ಬರಲಿಲ್ಲ. ಮತ್ತೆ ಕರೆದಳು. ಹಸಿವಿನದೋ ನೋವಿನದೋ ಯಾವುದಾದರೂ ಒಂದು ಬರಲಿ ಎಂದು ಕಾದಳು.

ಡಾಕ್ಟರು ಬಂದು, ಇನ್ನು ಆಸ್ಪತ್ರೆಗೆ ಕರೆದೊಯ್ದು ನೋಯಿಸುವುದರಲ್ಲಿ ಅರ್ಥವಿಲ್ಲ ಎಂದರು. ಕೆಲವು ದಿನ, ಹೆಚ್ಚೆಂದರೆ ಎರಡು ವಾರ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ತುಟಿ ಒದ್ದೆ ಮಾಡಿ. ಕೇಳಿಸುತ್ತಾ ಎಂದು ಕೇಳಿದ್ದಕ್ಕೆ, ಕೇಳಿಸುತ್ತೆ ಅಂದುಕೊಂಡೇ ಮಾತಾಡಿ ಅಮ್ಮಾ ಎಂದರು.

ನಾಲ್ಕನೆಯ ದಿನ ಹತ್ತು ಗಂಟೆಗೆ ಇಸ್ತ್ರಿಯಾಕೆ ಬಂದಳು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಅಕ್ಕನ ಪಕ್ಕದ ಮೇಜಿನವಳು, ಈಗ ಎಪ್ಪತ್ತಮೂರು. ಮಂಡಿ ನೋವು, ಕಂಚಿನ ಕಂಠ. ಊರಿನ ಇನ್ನೊಂದು ತುದಿಯಿಂದ ಎರಡು ಬಸ್ಸು ಹತ್ತಿ ಬಂದಿದ್ದಳು. ಕಂಕುಳಲ್ಲಿ ಹಳೆಯ ಹಾಸುಬಟ್ಟೆಗಳ ಗಂಟು.

"ಹೊಸದು ಒರಟು ಕಣೇ. ಇದು ನಾನೂರು ಸಲ ಒಗೆದದ್ದು, ಬೆಣ್ಣೆ ಆಗಿದೆ. ಹಾಸಿಗೆ ಹಿಡಿದೋರಿಗೆ ಇದೇ ಬೇಕು." ಮಂಚದ ಹತ್ತಿರ ಹೋಗಿ ಅಕ್ಕನ ಕೆನ್ನೆಗೆ ಕೆನ್ನೆ ತಾಗಿಸಿದಳು. "ಏನೇ, ನನಗಿಂತ ಮುಂಚೆ ಹೊರಟ್ಯಾ? ಅಲ್ಲೂ ಒಳ್ಳೆ ಇಸ್ತ್ರಿ ಮೇಜು ನೀನೇ ಹಿಡ್ಕೊಂಬಿಡು. ನಂಗೆ ಆ ಮುರುಕಲು ಬಿಟ್ಟಿರು." ಹೇಳುತ್ತಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಮೇಲೆ ಗೋಂದಮ್ಮನತ್ತ ತಿರುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನು ಯಾವಾಗ ಊಟ ಮಾಡಿದ್ದು? ಮುಖ ನೋಡು. ನಿನ್ನ ಅಕ್ಕ ಹೇಳಿದ್ದು ಸರಿ, ನೀನು ಹೆದರಿದ್ರೆ ಸುಣ್ಣದ ಗೋಡೆ ಆಗ್ತೀಯ."

"ಯಾವಾಗ ಹೇಳಿದ್ಲು ಅಕ್ಕ?"

"ಅದೇ, ಪುಸ್ತಕದ ಕಾರ್ಖಾನೇಲಿ ನೀನು ಚೀಟಿ ಬದಲಾಯಿಸಿದ ದಿನದ್ದು."

ಗೋಂದಮ್ಮ ಹಾಸುಬಟ್ಟೆಗಳ ಗಂಟಿಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದಳು. ಇಸ್ತ್ರಿಯಾಕೆ ತಲೆ ಕೆರೆದುಕೊಂಡಳು. "ಹೇಳ್ಬಾರ್ದಿತ್ತೇನೋ. ಇಷ್ಟು ವರ್ಷ ಇಟ್ಕೊಂಡಿದ್ದೆ. ವಯಸ್ಸಾಯ್ತು, ಬಾಯಿ ಸೋರುತ್ತೆ."

"ಅಕ್ಕನಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನೇ? ಚೀಟಿ ಬದಲಾಯಿಸಿದ್ಯಲ್ಲ, ಗಂಟು ಬದಲಾಯಿಸಿದ್ಯಾ? ನೀನು ದಾರ ಬಿಗಿದ್ರೆ ಗಂಟಿನ ಎರಡು ತುದಿ ಮೊಲದ ಕಿವಿ ಥರ ನಿಂತಿರುತ್ತಂತೆ. ಅವಳದು ಅಡಗಿರುತ್ತಂತೆ. ಮೇಜಿನ ಹತ್ರ ಬಂದು ನೋಡಿದ್ರೆ ಹನ್ನೆರಡು ಮೊಲ ಕೂತಿದ್ವಂತೆ."

ಗೋಂದಮ್ಮ ಸ್ಟೂಲಿನ ಮೇಲೆ ಕೂತಳು. "ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನೂ ಅದೇ ಕೇಳ್ದೆ. 'ತಿರುಗಿ ನೋಡ್ದೆ, ಪುಟ್ಟಿ ಮುಖ ಸುಣ್ಣದ ಗೋಡೆ ಆಗಿತ್ತು. ಈಗ ಇವಳನ್ನ ಹಿಡ್ಕೊಟ್ರೆ ಇವಳು ಇನ್ನೆಲ್ಲೂ ತಲೆ ಎತ್ತಲ್ಲ ಅನ್ನಿಸ್ತು. ನಂದೇ ಅಂತ ಬಂದ್ಬಿಡ್ತು ಬಾಯಿಗೆ' ಅಂದ್ಲು."

"ಕೋಪ ಇರ್ಲಿಲ್ವಾ?"

"ಇರ್ಲಿಲ್ವಾ ಅಂತೀಯಲ್ಲ! ಮೊದಲ ವರ್ಷ ಪೂರ್ತಿ ನಿನ್ನ ಬೈಕೊಂಡೇ ಇಸ್ತ್ರಿ ಮಾಡಿದ್ಲು. ದಿಂಬಿನ ಚೀಲ ಒಂದೊಂದೂ ನಿನ್ನ ಮುಖ ಅನ್ಕೊಂಡು ಒತ್ತೋಳು. ಅಷ್ಟು ಚಪ್ಪಟೆ ದಿಂಬಿನ ಚೀಲ ಆ ಆಸ್ಪತ್ರೇಲಿ ಮತ್ತೆ ಯಾರೂ ನೋಡ್ಲಿಲ್ಲ." ಇಸ್ತ್ರಿಯಾಕೆ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಆಮೇಲೆ ಬೈಯೋದು ನಿಂತೋಯ್ತು. 'ಅವಳಾಗೇ ಹೇಳ್ತಾಳೆ, ಕಾಯ್ತೀನಿ' ಅಂದ್ಲು ಒಂದು ದಿನ. ವರ್ಷಕ್ಕೊಂದು ಸಲ ನಾನು ಕೇಳ್ತಿದ್ದೆ, ಹೇಳಿದ್ಲೇನೇ ಅಂತ. 'ಇನ್ನೂ ಇಲ್ಲ' ಅನ್ನೋಳು. ಮಳೆ ಬಂತಾ ಅಂದ್ರೆ ಇನ್ನೂ ಇಲ್ಲ ಅಂತಾರಲ್ಲ, ಹಾಗೆ."

"ಹೇಳಿದ್ರೆ..." ಗೋಂದಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡಳು. "ಹೇಳಿದ್ರೆ ಏನಂತಾಳಂತೆ?"

"ಅದನ್ನೂ ಕೇಳಿದ್ದೆ. 'ಅದನ್ನ ಅವತ್ತು ನೋಡ್ಕೊಳ್ಳೋಣ' ಅಂದ್ಲು. ಅಷ್ಟರಲ್ಲಿ ಊಟದ ಗಂಟೆ ಆಯ್ತು."

ಗೋಂದಮ್ಮ ಅಕ್ಕನ ಮುಖ ನೋಡಿದಳು. ಆ ಮುಖದಲ್ಲಿ ಓದುವಂಥದ್ದು ಏನೂ ಇರಲಿಲ್ಲ. ನಲವತ್ತೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಒಬ್ಬಳು ಹೇಳಲಾರದೆ, ಒಬ್ಬಳು ಕೇಳಲಾರದೆ ಮಲಗಿದ್ದರು. ಒಂದು ಸಂಜೆ, ಕಾಲು ಒತ್ತುವಾಗ, ಒಂದು ವಾಕ್ಯ ಸಾಕಾಗಿತ್ತು. ಆಗ ಅಕ್ಕನ ಬಾಯಿ ತುಂಬ ಮಾತಿತ್ತು.

"ನಾನು ಹೇಳ್ದೆ. ಹೋದ ತಿಂಗಳು ಹೇಳ್ದೆ" ಎಂದಳು.

"ಹೇಳಿದ್ಯಾ!" ಇಸ್ತ್ರಿಯಾಕೆ ಅವಳ ಭುಜ ಹಿಡಿದಳು. "ಏನಂದ್ಲು?"

"ಬೇಡ ಅಂದ್ಲು."

ಇಸ್ತ್ರಿಯಾಕೆ ಬಾಯಿ ತೆರೆದಳು. ಅದರ ಅರ್ಥ ಹೀಗೆ ಕಣೇ ಎಂದು ಸಮಾಧಾನ ಹೇಳಲು ಹೊರಟಿದ್ದಳೆಂದು ತೋರುತ್ತದೆ. ಅಕ್ಕನನ್ನು ಮೂವತ್ತು ವರ್ಷ ಬಲ್ಲವಳು, ಹೇಳಿದ್ದರೆ ಗೋಂದಮ್ಮ ನಂಬುತ್ತಿದ್ದಳೇನೋ. ಆದರೆ ತನಗೆ ಗೊತ್ತಿಲ್ಲದ್ದನ್ನು ಅವಳು ಹೇಳಲಿಲ್ಲ. ಬಾಯಿ ಮುಚ್ಚಿ, ಗಂಟು ಬಿಚ್ಚಿದಳು.

"ಬಾ, ಹಾಸು ಬದಲಾಯಿಸೋಣ. ನೀನು ಆ ಕಡೆ ಹೋಗು."

ಇಬ್ಬರೂ ಸೇರಿ ಅಕ್ಕನನ್ನು ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಿದರು. ಮೊದಲಿದ್ದ ಹಾಸನ್ನು ಬೆನ್ನಿನವರೆಗೆ ಸುತ್ತಿ, ಇಸ್ತ್ರಿಯಾಕೆ ತಂದದ್ದನ್ನು ಹಾಸಿ, ಮತ್ತೆ ಈಚೆ ಹೊರಳಿಸಿದರು. ಬಟ್ಟೆ ನಿಜವಾಗಿಯೂ ಬೆಣ್ಣೆಯಾಗಿತ್ತು. ಇಸ್ತ್ರಿಯಾಕೆ ನಾಲ್ಕು ಮೂಲೆಗಳನ್ನೂ ಹಾಸಿಗೆಯ ಕೆಳಗೆ ಬಿಗಿಯಾಗಿ ಸೇರಿಸಿದಳು.

"ಬೆನ್ನ ಕೆಳಗೆ ಕೈ ಹಾಕಿ ನೋಡು. ಒಂದು ಸುಕ್ಕಿದ್ರೂ ಸಂಜೆ ಹೊತ್ತಿಗೆ ಚರ್ಮ ಕೆಂಪಾಗುತ್ತೆ. ಕಣ್ಣಿಗೆ ಕಾಣಲ್ಲ, ಅಂಗೈಗೇ ಗೊತ್ತಾಗೋದು."

ಗೋಂದಮ್ಮ ಅಂಗೈಯನ್ನು ಚಪ್ಪಟೆ ಮಾಡಿ ಅಕ್ಕನ ಬೆನ್ನಿಗೂ ಬಟ್ಟೆಗೂ ನಡುವೆ ಸರಿಸಿದಳು. ಭುಜದ ಕೆಳಗೆ ಒಂದು ಸುಕ್ಕು ಸಿಕ್ಕಿತು, ಸವರಿ ತೆಗೆದಳು. ಸೊಂಟದ ಹತ್ತಿರ ಇನ್ನೊಂದು. ಆಮೇಲೆ ಎಲ್ಲೂ ಇರಲಿಲ್ಲ. ಇಸ್ತ್ರಿಯಾಕೆ, ನಾನು ಒಂದಿಷ್ಟು ಅನ್ನ ಇಡ್ತೀನಿ, ನಿನ್ನ ಮುಖ ನೋಡೋಕಾಗ್ತಿಲ್ಲ ಎಂದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸತೊಡಗಿತು.

ಕೈ ತೆಗೆಯಬೇಕೆಂದು ಗೋಂದಮ್ಮನಿಗೆ ಅನ್ನಿಸಲಿಲ್ಲ. ಅಕ್ಕನ ಭಾರವೆಲ್ಲ ಅದರ ಮೇಲಿತ್ತು, ಬೆಚ್ಚಗೆ. ಅಕ್ಕ ಉಸಿರೆಳೆದುಕೊಂಡಾಗ ಭಾರ ಸ್ವಲ್ಪ ಹೆಚ್ಚುತ್ತಿತ್ತು, ಬಿಟ್ಟಾಗ ಸ್ವಲ್ಪ ಇಳಿಯುತ್ತಿತ್ತು. ಅವಳು ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳುಗಳು ಜೋಮು ಹಿಡಿದವು, ಆಮೇಲೆ ಮಣಿಕಟ್ಟು. ಅವಳು ಕೈಯನ್ನು ಅಲ್ಲೇ ಬಿಟ್ಟಳು.